ಎಡಗೈಯ ಪೊಟ್ಟಣ

ರೇವಾಚಿನ್ನಿಯ ಬೇರನ್ನು ಒಣಶುಂಠಿಯ ಜೊತೆ ಕುಟ್ಟಿದಾಗ ಏಳುವ ವಾಸನೆಯನ್ನು ಒಳ್ಳೆಯದೆನ್ನಲಾಗದು, ಕೆಟ್ಟದ್ದೆನ್ನಲೂ ಆಗದು. ಸ್ವಲ್ಪ ಘಾಟು, ಸ್ವಲ್ಪ ಕಹಿ, ಗಂಟಲಿನ ಹಿಂದೆ ಬಹಳ ಹೊತ್ತು ಕೂತಿರುತ್ತದೆ. ಹೋದ ಶ್ರಾವಣದಲ್ಲಿ ಸೊಂಟನೋವಿಗೆ ಎಣ್ಣೆ ಕೊಳ್ಳಲು ಬೀದರದ ಚೌಬಾರಾದ ಹಿಂದಿನ ಓಣಿಗೆ ಹೋಗಿದ್ದೆ. ಗಂಧಿಗೆ ಅಂಗಡಿಯವನು ಅದನ್ನೇ ಕುಟ್ಟುತ್ತಿದ್ದ. ನಾನು ಬಂದ ಕೆಲಸ ಮರೆತು ಅಂಗಡಿಯ ಕಂಬ ಹಿಡಿದು ನಿಂತುಬಿಟ್ಟೆ.

"ಯಾಕ್ರಿ ಅಜ್ಜಾರ, ತಲಿ ತಿರಗ್ಲತ್ತದೇನ್ರಿ? ಕೂಡ್ರಿ ಇಲ್ಲಿ," ಎಂದು ಅವನು ಸ್ಟೂಲು ಸರಿಸಿದ.

ಎಪ್ಪತ್ತು ದಾಟಿದ ಮನುಷ್ಯ ಕಂಬ ಹಿಡಿದರೆ ತಲೆ ತಿರುಗಿತೆಂದೇ ಎಲ್ಲರೂ ತಿಳಿಯುತ್ತಾರೆ. ನಾನೂ ಹೌದೆಂದು ಹೇಳಿ ಕೂತೆ. ಮನೆಗೆ ಬಂದ ಮೇಲೆ ಹೆಂಡತಿಗೂ ಅದನ್ನೇ ಹೇಳಿದೆ. ಐವತ್ತು ವರ್ಷ ಯಾರಿಗೂ ಹೇಳದೆ ಉಳಿಸಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ. ಬರೆದರೆ ಹಗುರಾಗುತ್ತದೆ ಎಂಬ ಭ್ರಮೆ ನನಗಿಲ್ಲ.

ನಾನು ಸರಕಾರಿ ದವಾಖಾನೆಗಳಲ್ಲಿ ಕಂಪೌಂಡರ್ ಆಗಿ ಜೀವನ ಸವೆಸಿದವನು. ಈಗ ಫಾರ್ಮಸಿಸ್ಟ್ ಎನ್ನುತ್ತಾರೆ, ಬಿಳಿ ಕೋಟು ಹಾಕುತ್ತಾರೆ, ಮಾತ್ರೆ ಎಣಿಸಿ ಕೊಡುತ್ತಾರೆ. ನಮ್ಮ ಕಾಲದಲ್ಲಿ ಪ್ರತಿಯೊಂದು ಔಷಧಿಯನ್ನೂ ಕೈಯಿಂದಲೇ ಮಾಡಬೇಕಿತ್ತು: ಕುಟ್ಟಬೇಕು, ಸೋಸಬೇಕು, ತೂಗಬೇಕು, ಕಟ್ಟಬೇಕು. ಅದಕ್ಕೊಂದು ಪರೀಕ್ಷೆ ಇತ್ತು. ಹೈದರಾಬಾದಿಗೆ ಹೋಗಿ ಕೊಟ್ಟು ಬರಬೇಕು. ಅದರಲ್ಲಿ ಪಾಸಾಗದವನಿಗೆ ಔಷಧಿ ಕಪಾಟಿನ ಕೀಲಿ ಸಿಗುತ್ತಿರಲಿಲ್ಲ. ಜೀವನವಿಡೀ ಬಾಟಲಿ ತೊಳೆಯುತ್ತ ಇರಬೇಕು. ನೌಕರಿ ಮುಗಿದ ಮೇಲೆ ನಾನೂ ಭಾಲ್ಕಿಯ ನಮ್ಮ ಮನೆಯ ಪಡಸಾಲೆಯಲ್ಲಿ ಇಂಥ ಪರೀಕ್ಷೆಗೆ ಹೋಗುವವರಿಗೆ ಪಾಠ ಹೇಳಿದ್ದೇನೆ. ನನ್ನ ಗುರುಗಳು ಕಲಿಸಿದ್ದನ್ನೆಲ್ಲ ಕಲಿಸಿದೆ, ಒಂದನ್ನು ಬಿಟ್ಟು.

ಅವರ ಹೆಸರು ಕರಾಮತ್ ಸಾಹೇಬರು. ಬೀದರ ದವಾಖಾನೆಯ ದೊಡ್ಡ ಕಂಪೌಂಡರ್. ನಾವೆಲ್ಲ ಉಸ್ತಾದರು ಎನ್ನುತ್ತಿದ್ದೆವು. ಹೆಂಡತಿ ತೀರಿಹೋಗಿದ್ದರು, ಒಬ್ಬಳೇ ಮಗಳು ಮದುವೆಯಾಗಿ ಹೈದರಾಬಾದಿನಲ್ಲಿದ್ದಳು. ತೆಳ್ಳಗಿನ ಮನುಷ್ಯ, ಗಡ್ಡಕ್ಕೆ ಮದರಂಗಿ, ಎಡಚ. ತಕ್ಕಡಿ ಹಿಡಿಯುವುದೂ ಬರೆಯುವುದೂ ಎಡಗೈಯಲ್ಲೇ. ನಲವತ್ತೆಂಟರಲ್ಲಿ, ಪೊಲೀಸ್ ಆಕ್ಷನ್ ಆದ ವರ್ಷದ ಮಳೆಗಾಲ ಶುರುವಾಗುವ ಹೊತ್ತಿಗೆ ನಾವು ಐದು ಜನ ಅವರ ಹತ್ತಿರ ತಯಾರಾಗುತ್ತಿದ್ದೆವು. ದಸರೆಯಾದ ಮೇಲೆ ಪರೀಕ್ಷೆ. ಬೆಳಿಗ್ಗೆ ದವಾಖಾನೆಯ ಕೆಲಸ, ಮಧ್ಯಾಹ್ನದ ನಮಾಜು ಮುಗಿಸಿ ಅವರು ಬಂದ ಮೇಲೆ ಹಿಂದಿನ ಕೋಣೆಯಲ್ಲಿ ಪಾಠ. ಪುಸ್ತಕ ಉರ್ದುವಿನಲ್ಲಿ, ಔಷಧಿಗಳ ಹೆಸರು ಲ್ಯಾಟಿನ್ನಿನಲ್ಲಿ, ಬೈಗುಳ ಮಾತ್ರ ಅಚ್ಚ ಬೀದರ ಕನ್ನಡದಲ್ಲಿ. ತಗಡಿನ ಮೇಲೆ ಮಳೆ ಬಡಿಯುವಾಗ ಅವರ ದನಿ ಕೇಳುತ್ತಿರಲಿಲ್ಲ. ಆಗ ಮಳೆ ನಿಲ್ಲುವವರೆಗೆ ನಮ್ಮಿಂದ ಕಾಗದ ಕತ್ತರಿಸಿ ಪುಡಿ ಕಟ್ಟಿಸುತ್ತಿದ್ದರು.

ಪರೀಕ್ಷೆಯಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಗುರುತು ಹಿಡಿಯುವುದಕ್ಕೆ. ಮೇಜಿನ ಮೇಲೆ ಚೀಟಿಯಿಲ್ಲದ ಇಪ್ಪತ್ತು ಶೀಷೆ ಇಟ್ಟಿರುತ್ತಾರೆ. ನೋಡಿ, ಮೂಸಿ ಇದು ಇಂಥದ್ದು ಎನ್ನಬೇಕು. ಉಸ್ತಾದರು ಔಷಧಿ ಕುಟ್ಟುವ ಹಿತ್ತಾಳೆಯ ಖಲಬತ್ತನ್ನು ಮೂರು ಸಲ ಬಡಿಯುತ್ತಿದ್ದರು. ಅಷ್ಟರೊಳಗೆ ಉತ್ತರ ಬರಬೇಕು.

"ಮೂರು ಹೊಡದ ಮ್ಯಾಲ ಹೇಳಿದ್ದು ಖರೇ ಇದ್ರೂ ಗಲತ್. ಹೈದರಾಬಾದಿನ್ಯಾಗ ಪರೀಕ್ಷಾ ತಗೊಳ್ಳಾವ್ರು ನಿಮ್ಮ ಮಾರಿ ನೋಡ್ಕೋತ ಕೂಡಂಗಿಲ್ಲ," ಎನ್ನುತ್ತಿದ್ದರು.

ನನಗೆ ಎರಡನೆಯ ಬಡಿತ ಬೇಕಾಗುತ್ತಿರಲಿಲ್ಲ. ನನ್ನ ಮೂಗು ಚುರುಕು, ಬಾಯಿ ಅದಕ್ಕಿಂತ ಚುರುಕು. ಔರಾದ ಕಡೆಯ ಮಾರುತಿ ನನಗೆ ತದ್ವಿರುದ್ಧ. ಶೀಷೆಯನ್ನು ಎತ್ತಿ ಬೆಳಕಿಗೆ ಹಿಡಿದು, ಮೂಸಿ, ಕೆಳಗಿಟ್ಟು, ಮತ್ತೆ ಎತ್ತಿ ನೋಡುತ್ತಿದ್ದ. ಉತ್ತರ ತಪ್ಪಾಗುತ್ತಿದ್ದದ್ದು ಕಡಿಮೆ, ಆದರೆ ಹೊತ್ತಿಗೆ ಸರಿಯಾಗಿ ಬಂದದ್ದೂ ಕಡಿಮೆ.

"ಮಾರುತಿ, ನೀ ಹೇಳೋತನ ರೋಗಿ ಸತ್ತು ಮೂರು ದಿನದ ಕ್ರಿಯಾನೂ ಮುಗೀತದ. ಗುರುನಾಥನ ನೋಡಿ ಕಲಿ," ಎಂದು ಉಸ್ತಾದರು ನನ್ನ ಕಡೆ ಕೈ ತೋರಿಸುತ್ತಿದ್ದರು. ನಾನು ಉಬ್ಬುತ್ತಿದ್ದೆ. ಮಾರುತಿ ಸುಮ್ಮನೆ ನಗುತ್ತಿದ್ದ.

ಪುಸ್ತಕದಲ್ಲಿಲ್ಲದ ಒಂದು ಪಾಠವನ್ನೂ ಉಸ್ತಾದರು ಮಾಡಿಸುತ್ತಿದ್ದರು. ಅದಕ್ಕೆ 'ಯಾರ ಕೈ' ಎಂದು ನಾವೇ ಹೆಸರಿಟ್ಟಿದ್ದೆವು. ಐವರೂ ಕಟ್ಟಿದ ಪುಡಿ ಪೊಟ್ಟಣಗಳನ್ನು ತಮ್ಮವುಗಳ ಜೊತೆ ತಟ್ಟೆಯಲ್ಲಿ ಕಲೆಸಿ, ಒಂದೊಂದನ್ನೇ ಮುಂದಿಟ್ಟು, ಇದು ಯಾರ ಕೈ ಎಂದು ಕೇಳುವರು. ಒಂದೇ ಅಳತೆಯ ಕಾಗದ, ಒಂದೇ ರೀತಿಯ ಮೂರು ಮಡಿಕೆ. ಆದರೂ ಒಬ್ಬನ ಅಂಚು ಬಿಗಿ, ಇನ್ನೊಬ್ಬನದು ಸಡಿಲು. ಒಬ್ಬ ಉಗುರಿನಿಂದ ಗೀರುತ್ತಾನೆ, ಇನ್ನೊಬ್ಬ ಹೆಬ್ಬೆರಳಿನಿಂದ ಒತ್ತುತ್ತಾನೆ. ಉಸ್ತಾದರದನ್ನು ಹಿಡಿಯುವುದು ಎಲ್ಲಕ್ಕಿಂತ ಸುಲಭ. ಎಡಚರಾದ್ದರಿಂದ ಅವರ ಪೊಟ್ಟಣದ ಎಡ ತುದಿ ಮೇಲೆ ಬರುತ್ತಿತ್ತು, ಪುಡಿ ಸೋರಬಾರದೆಂದು ಮೂಲೆಯನ್ನು ಒಳಗೆ ಮುರಿದು ಸಿಕ್ಕಿಸುತ್ತಿದ್ದರು. ಯಾವ ರೋಗಿಗಾದರೂ ಪುಡಿ ತಿಂದು ಹೆಚ್ಚುಕಡಿಮೆಯಾದರೆ ಅದನ್ನು ಕಟ್ಟಿದವನು ಯಾರೆಂದು ತಿಳಿಯಬೇಕು, ಅವನ ತಕ್ಕಡಿ ನೋಡಬೇಕು. ಅದಕ್ಕಾಗಿ ಈ ಪಾಠ.

ಆದರೆ ಅದಕ್ಕೊಂದು ಕಟ್ಟಳೆಯೂ ಇತ್ತು. ಅದು ಮಾರುತಿಯಿಂದಾಗಿ ಹುಟ್ಟಿದ್ದು. ಅವನು ಊರ ಹೊರಗಿನ ಕೇರಿಯ ಹುಡುಗ. ಒಮ್ಮೆ ಕಿರಾಣಿ ಅಂಗಡಿಯವರೊಬ್ಬರು ಕೆಮ್ಮಿನ ಔಷಧಿಯ ಬಾಟಲಿಯನ್ನು ಕಟ್ಟೆಯ ಮೇಲೆಯೇ ಇಟ್ಟು, "ಆ ಹುಡುಗನ ಕೈದು ನಮಗ ಬ್ಯಾಡ್ರಿ," ಎಂದರು. ಉಸ್ತಾದರು ಬಾಟಲಿ ತೆಗೆದುಕೊಂಡು ಒಳಗೆ ಬಂದರು, ಅದೇ ಔಷಧಿಯನ್ನು ಬೇರೆ ಬಾಟಲಿಗೆ ಸುರಿದರು, ಹೋಗಿ ಕೊಟ್ಟರು. ಅಂಗಡಿಯವರು ಸಲಾಮು ಮಾಡಿ ಒಯ್ದರು. ನಾವು ನಕ್ಕೆವು, ಉಸ್ತಾದರು ನಗಲಿಲ್ಲ.

"ಕೇಳ್ರಿ. ಹೊರಗಿನವ್ರು ಯಾರ ಕೈದು ಅಂತ ಕೇಳಿದ್ರ ಜವಾಬು ಒಂದೇ. ದವಾಖಾನಿದು. ಮನಿಶ್ಯಾನ ಹೆಸರು ಬಾಯಿಗಿ ಬರಬಾರದು. ಕೈ ಯಾರದಂತ ನಮಗ ಗೊತ್ತಿದ್ರ ಸಾಕು."

ನಾನು ಸತ್ಯ ಬರೆಯಬೇಕಲ್ಲ, ಬರೆಯುತ್ತೇನೆ. ನಮ್ಮ ಮನೆಯಲ್ಲಿ ದಿನವೂ ಲಿಂಗಪೂಜೆಯಾಗದೆ ಒಲೆ ಹೊತ್ತುತ್ತಿರಲಿಲ್ಲ, ಎಲ್ಲರೂ ಶಿವನ ಮಕ್ಕಳೆಂದು ಅಪ್ಪ ದಿನಾ ಹೇಳುತ್ತಿದ್ದ. ಆದರೂ ಜೊತೆಗೆ ಕಲಿತ ಎರಡು ವರ್ಷದಲ್ಲಿ ನಾನು ಮಾರುತಿಯ ಕೈಯಿಂದ ಒಂದು ಲೋಟ ನೀರು ಕುಡಿದವನಲ್ಲ. ಅವನು ಕಟ್ಟಿದ ಪುಡಿ ಮಾತ್ರ ತಿನ್ನುತ್ತಿದ್ದೆ. ಅದಕ್ಕೆ ಅಡ್ಡಿಯಿರಲಿಲ್ಲ.

ಆ ಮಳೆಗಾಲ ಒಳ್ಳೆಯ ಸುದ್ದಿಯನ್ನು ತರಲೇ ಇಲ್ಲ. ಇವತ್ತು ಆ ಹಳ್ಳಿಗೆ ನಿಜಾಮನ ಕಡೆಯ ರಜಾಕಾರರು ನುಗ್ಗಿದರಂತೆ, ನಾಳೆ ಈ ಹಳ್ಳಿಯ ಬಣವೆ ಸುಟ್ಟರಂತೆ. ಭಾಲ್ಕಿಯಿಂದ ನಮ್ಮ ಅವ್ವ, ಅಪ್ಪ, ತಂಗಿ ರಾತ್ರೋರಾತ್ರಿ ಸೊಲ್ಲಾಪುರದ ಕಡೆ ಗಡಿ ದಾಟಿದರು. ನನ್ನನ್ನೂ ಕರೆದರು. ಪರೀಕ್ಷೆ ಮುಗಿಯಲಿ ಎಂದು ಹೇಳಿ ಕಳಿಸಿದೆ. ಪಾಠಕ್ಕೆ ಬರುತ್ತಿದ್ದ ಐವರಲ್ಲಿ ಮೂವರು ಆಷಾಢದೊಳಗೆ ಬಿಟ್ಟುಹೋದರು. ಉಳಿದವರು ನಾನು, ಮಾರುತಿ. ಹೆಸರುಕಾಳು ಬಿತ್ತಿದ ಹೊಲಗಳಲ್ಲಿ ಕಳೆ ಕೀಳುವವರಿರಲಿಲ್ಲ. ಬೀದರದ ಕೆಂಪು ಓಣಿಗಳಲ್ಲಿ ಹಗಲಿನಲ್ಲೂ ಬಾಗಿಲು ಹಾಕಿರುತ್ತಿತ್ತು.

ದವಾಖಾನೆಗೆ ಗಾಯಗೊಂಡವರು ಬರತೊಡಗಿದರು. ಮೊದಮೊದಲು ಹಳ್ಳಿಯವರು, ಕೊಡಲಿಯ ಏಟು, ಸುಟ್ಟ ಮೈ. ಒಂದು ದಿನ ಲಾರಿಯಲ್ಲಿ ರಜಾಕಾರರೇ ಬಂದರು. ಇಬ್ಬರಿಗೆ ಗುಂಡು ತಗುಲಿತ್ತು. ಡಾಕ್ಟರು ಊರಲ್ಲಿರಲಿಲ್ಲ. ಉಸ್ತಾದರು ಅವರಿಗೂ ಅದೇ ಬೆಂಚಿನ ಮೇಲೆ, ಅದೇ ಟಿಂಚರ್ ಹಚ್ಚಿ ಪಟ್ಟಿ ಕಟ್ಟಿದರು. ತಟ್ಟೆ ಹಿಡಿದವನು ನಾನು. ಅವರಲ್ಲೊಬ್ಬ ಉಸ್ತಾದರ ಭುಜ ತಟ್ಟಿ ಏನೋ ತಮಾಷೆಯ ಮಾತಾಡಿದ. ಉಸ್ತಾದರು ತಲೆಯೆತ್ತಲಿಲ್ಲ. ಬಾಗಿಲಲ್ಲಿ ಹಳ್ಳಿಯ ಜನ ನಿಂತು ಇದನ್ನು ನೋಡುತ್ತಿದ್ದರು.

ಭಾದ್ರಪದದಲ್ಲಿ ಒಂದು ಬೆಳಿಗ್ಗೆ ಊರ ಮೇಲೆ ಹಿಂದುಸ್ಥಾನದ ವಿಮಾನಗಳು ಬಂದವು. ಕಿಟಕಿಯ ಗಾಜು ಗಡಗಡ ನಡುಗಿದವು. ರೋಗಿಗಳೆಲ್ಲ ಓಡಿಹೋದರು. ಉಸ್ತಾದರು ಹಿಂದಿನ ಕೋಣೆಗೆ ಹೋಗಿ ಇಪ್ಪತ್ತು ಶೀಷೆಗಳನ್ನು ಸಾಲಾಗಿ ಇಡತೊಡಗಿದರು.

"ಉಸ್ತಾದ್ರ, ಇವತ್ತೊಂದಿನ ಬ್ಯಾಡ್ರಿ," ಎಂದೆ.

"ಪರೀಕ್ಷಾ ರದ್ದಾಗ್ಯದ ಅಂತ ಕಾಗದ ಬಂದದೇನು? ಬಂದಿಲ್ಲಲ್ಲ. ಕೂಡು."

ಅವರು ಖಲಬತ್ತು ಬಡಿದರು, ನಾವು ಉತ್ತರ ಹೇಳಿದೆವು. ನಾನು ಇಪ್ಪತ್ತು, ಮಾರುತಿ ಹದಿನಾಲ್ಕು. ಅದೇ ಅವರ ಕೊನೆಯ ಪಾಠ. ನಾಲ್ಕು ದಿನದಲ್ಲಿ ಹಿಂದುಸ್ಥಾನದ ಸೈನ್ಯ ಬೀದರಕ್ಕೆ ಬಂತು. ಕೋಟೆಯ ಮೇಲೆ ಬೇರೆ ಬಾವುಟ ಏರಿತು, ಜನ ಕೇಕೆ ಹಾಕಿದರು, ನಾನೂ ಹಾಕಿದೆ. ಅವ್ವ, ಅಪ್ಪ ತಿರುಗಿ ಬರುತ್ತಾರೆಂಬ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂದಿತ್ತು. ರಜಾಕಾರರು ಓಡಿದ್ದರು, ಸಿಕ್ಕವರನ್ನು ಹಿಡಿದಿದ್ದರು. ಆಮೇಲೆ ರಜಾಕಾರರಲ್ಲದ ಮುಸಲ್ಮಾನರ ಸರದಿ ಬಂತು. ವರ್ಷವಿಡೀ ಬೆಂದಿದ್ದ ಜನರ ಸಿಟ್ಟಿಗೆ ಯಾರು ಏನೆಂದು ನೋಡುವ ತಾಳ್ಮೆಯಿರಲಿಲ್ಲ. ನಾನು ಉಸ್ತಾದರ ಮನೆಗೆ ಹೋದಾಗ ಕದ ಮುರಿದಿತ್ತು, ಒಳಗೆ ಪುಸ್ತಕಗಳು ಹರಿದು ಬಿದ್ದಿದ್ದವು, ಮನುಷ್ಯರಿರಲಿಲ್ಲ. ಮಗಳ ಹತ್ತಿರ ಹೈದರಾಬಾದಿಗೆ ಹೋಗಿರಬೇಕೆಂದುಕೊಂಡೆ. ಅದೇ ದಿನದಿಂದ ಮಾರುತಿಯೂ ಕಾಣಲಿಲ್ಲ. ಊರಿಗೆ ಹೋಗಿರಬೇಕೆಂದುಕೊಂಡೆ. ಶೀಷೆಗಳನ್ನು ಮೂಸಿ ಹೆಸರು ಹೇಳುವ ನನಗೆ ಈ ಎರಡನ್ನು ಕೂಡಿಸಿ ನೋಡುವಷ್ಟು ಬುದ್ಧಿ ಬರಲಿಲ್ಲ.

ಮಳೆ ಹಿಂದೆ ಸರಿದ ಮೇಲೆ ಚಳಿಜ್ವರ ಹಬ್ಬಿತು. ಹೊಸದಾಗಿ ಬಂದ ಡಾಕ್ಟರು ನನ್ನನ್ನು ಕರೆದು ಔರಾದ ದವಾಖಾನೆ ಖಾಲಿಯಿದೆ, ಹೋಗಿ ನಡೆಸು ಎಂದರು. ನಾನಿನ್ನೂ ಪರೀಕ್ಷೆ ಕೊಟ್ಟಿಲ್ಲವೆಂದೆ. ಪರೀಕ್ಷೆ ಮುಂದೆ ಹೋಗಿದೆ, ಚಳಿಗಾಲದ ಕೊನೆಗೆ ನಡೆಯುತ್ತದೆ, ಎರಡು ತಿಂಗಳು ಅಲ್ಲಿ ಕೆಲಸ ಮಾಡಿದರೆ ನಿನ್ನ ಅನುಭವದ ಕಾಗದಕ್ಕೆ ನಾನು ಸಹಿ ಹಾಕುತ್ತೇನೆ ಎಂದರು. ಸಹಿ ಹಾಕಬೇಕಾದ ಉಸ್ತಾದರು ಇರಲಿಲ್ಲವಲ್ಲ. ನಾನು ಕೂಡಲೇ ಒಪ್ಪಿದೆ.

ಔರಾದಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನಡುಗುವ ಜನರ ಸಾಲು. ಎರೆಮಣ್ಣು ಕಾಲಿಗೆ ಸೇರುಗಟ್ಟಲೆ ಅಂಟಿಕೊಂಡು ಬರುವವರು ಪಾವಟಿಗೆಯ ಮೇಲೆ ಕಾಲು ಕೆರೆದು ಒಳಗೆ ಬರುತ್ತಿದ್ದರು. ಕ್ವಿನೈನ್ ಪುಡಿ ಕಟ್ಟಿ ಕಟ್ಟಿ ನನ್ನ ಬೆರಳೆಲ್ಲ ಕಹಿಯಾಗಿ, ಊಟವೂ ಕಹಿಯಾಗುತ್ತಿತ್ತು. ಎರಡನೆಯ ವಾರ ಸಾಲಿನ ಕೊನೆಯಲ್ಲಿ ಮಾರುತಿ ಕಾಣಿಸಿದ. ಸೊರಗಿದ್ದ.

"ಅವ್ವಗ ಜ್ವರ ಬಂದದ. ಕೇರ್ಯಾಗ ಮನಿಗೊಬ್ರು ಮಲಗ್ಯಾರ. ಕ್ವಿನೈನ್ ಸ್ವಲ್ಪ ಹೆಚ್ಚು ಕೊಡ್ತೀಯೇನು? ಒಂದೀಟು ಕಾಗದನೂ ಬೇಕಾಗ್ಯದ."

"ಕಾಗದ ಯಾಕ?"

"ಪುಡಿ ಕಟ್ಟಲಿಕ್ಕ."

ಕೊಟ್ಟೆ. ಪರೀಕ್ಷೆಗೆ ಓದುತ್ತಿರುವೆಯಾ ಎಂದು ಕೇಳಿದೆ. ಹೂಂ ಎಂದ. ಉಸ್ತಾದರ ಸುದ್ದಿ ಏನಾದರೂ ಗೊತ್ತೇ ಎಂದೆ. ಅವನು ಎಂದಿನಂತೆ ಬಹಳ ಹೊತ್ತು ತೆಗೆದುಕೊಂಡ. "ನನಗೇನು ಗೊತ್ತಿರ್ತದ," ಎಂದು ಹೊರಟುಹೋದ. ಮನೆಗೆ ಬಾ ಎಂದು ಬಾಯಿಮಾತಿಗೂ ಕರೆಯಲಿಲ್ಲ. ಪರೀಕ್ಷೆ ಪಾಸಾಗದೆಯೇ ಹಳ್ಳಿಯಲ್ಲಿ ಡಾಕ್ಟರಿಕೆ ಶುರುಮಾಡಿದ್ದಾನೆ, ಅದನ್ನು ನನ್ನಿಂದ ಮುಚ್ಚಿಡುತ್ತಿದ್ದಾನೆ ಎಂದು ನನಗೆ ಒಳಗೊಳಗೇ ಸಿಟ್ಟು ಬಂತು.

ದವಾಖಾನೆಗೆ ದಿನಾ ಬರುವವರಲ್ಲಿ ಶಂಕ್ರಪ್ಪ ಎಂಬವನೊಬ್ಬನಿದ್ದ. ಮಾರುತಿಯ ಊರಿನ ಒಕ್ಕಲುತನದವ, ನಲವತ್ತರ ಆಸುಪಾಸು. ಕಾಲಿನ ಹುಣ್ಣು ಮಾಯದೆ ಪಟ್ಟಿ ಕಟ್ಟಿಸಿಕೊಳ್ಳಲು ಬಂಡಿಯಲ್ಲಿ ಬರುತ್ತಿದ್ದ. ಬೇಸಿಗೆಯಲ್ಲಿ ಅವನ ತಮ್ಮನನ್ನು ರಜಾಕಾರರು ಹೊಲದಲ್ಲೇ ಕೊಂದಿದ್ದರು. ಹೆಚ್ಚು ಮಾತಾಡುವವನಲ್ಲ. ಬರುವಾಗ ನನಗೆಂದು ಹಸಿ ಅಲಸಂದಿಯನ್ನೋ ಸೌತೆಕಾಯಿಯನ್ನೋ ತರುತ್ತಿದ್ದ. ಒಬ್ಬನೇ ಇದ್ದ ನನಗೆ ಅವನನ್ನು ಕಂಡರೆ ಹಿತವಾಗುತ್ತಿತ್ತು.

ಒಂದು ದಿನ ಬೆಳಿಗ್ಗೆ ಶಂಕ್ರಪ್ಪ ಬಂದವನೇ ಟೋಪಿಯೊಳಗಿಂದ ಒಂದು ಪೊಟ್ಟಣ ತೆಗೆದು ನನ್ನ ಮೇಜಿನ ಮೇಲಿಟ್ಟ.

"ನಮ್ಮವ್ವಗ ಇದರಿಂದ ಜ್ವರ ಬಿಟ್ಟದ್ರಿ. ನಾಕ ದಿನಕ್ಕ ಎದ್ದು ಕೂತು ರೊಟ್ಟಿ ತಿಂದಾಳ. ಕೇರಿಂದ ಬರೋ ಕೆಲಸದಾಕಿ ಎಲ್ಲಿಂದನೋ ತಂದು ಕೊಟ್ಟಿದ್ಳು, ಒಂದು ಉಳದದ. ಇಂಥವೇ ಇನ್ನೊಂದೆಂಟು ಕಟ್ಟಿ ಕೊಡ್ರಿ. ಇವು ನಿಮ್ಮ ಕೈವೇ ಅಲ್ಲೇನ್ರಿ?"

ಎಡ ತುದಿ ಮೇಲಿತ್ತು. ಮೂಲೆ ಒಳಗೆ ಸಿಕ್ಕಿಸಿತ್ತು. ರೇವಾಚಿನ್ನಿ, ಶುಂಠಿಯ ವಾಸನೆ ಕಾಗದದ ಹೊರಗೆ ಬರುತ್ತಿತ್ತು. ಮೊದಲು ಆ ಪುಡಿಯಿಂದ ಹೊಟ್ಟೆ ತೊಳೆಯದೆ ಕ್ವಿನೈನ್ ಕೊಡಬಾರದೆಂಬುದು ಉಸ್ತಾದರ ಹಟ. ಪೊಟ್ಟಣ ಮೇಜು ಮುಟ್ಟುವಷ್ಟರಲ್ಲಿ ನನ್ನ ಬಾಯಿ ಉತ್ತರ ಹೇಳಿಬಿಟ್ಟಿತ್ತು.

"ಇಲ್ಲ, ಇದು ನಮ್ಮ ಉಸ್ತಾದರ ಕೈ."

ಹೇಳುವಾಗ ನಗುತ್ತಿದ್ದೆ. ಅವರು ಬದುಕಿದ್ದಾರೆ ಎಂಬುದೊಂದೇ ನನಗೆ ತೋಚಿದ್ದು. ಶಂಕ್ರಪ್ಪ ನಗಲಿಲ್ಲ.

"ಯಾವ ಉಸ್ತಾದ್ರಿ? ಬೀದರ ದವಾಖಾನಿದಂವಾ? ಎಡಗೈಯಾಂವ?"

ಆಗ ನನಗೆ ಕಟ್ಟಳೆ ನೆನಪಾಯಿತು. "ಅಲ್ಲ, ಅವರದಲ್ಲ. ಇರಲಿಕ್ಕಿಲ್ಲ. ಇದು ದವಾಖಾನಿದು," ಎಂದೆ. ನನ್ನ ಕಿವಿಗೇ ಅದು ಸುಳ್ಳೆಂದು ಕೇಳಿಸಿತು.

"ನಾ ಅವತ್ತು ನಿಮ್ಮ ಬೀದರ ದವಾಖಾನಿ ಬಾಗಲದಾಗ ನಿಂತಿದ್ದೆ. ನನ್ನ ತಮ್ಮನ್ನ ಹೊಡೆದಂವ ಬೆಂಚಿನ ಮ್ಯಾಲ ಕೂತಿದ್ದ. ಅವಗ ಇಂವ ಪಟ್ಟಿ ಕಟ್ಲತ್ತಿದ್ದ," ಎಂದು ಶಂಕ್ರಪ್ಪ ಮೆಲ್ಲಗೆ ಹೇಳಿದ. ಪೊಟ್ಟಣ ತೆಗೆದು ಮತ್ತೆ ಟೋಪಿಯಲ್ಲಿಟ್ಟುಕೊಂಡ. ಕಾಲಿನ ಪಟ್ಟಿಯನ್ನೂ ಬಿಚ್ಚಿಸಿಕೊಳ್ಳದೆ ಹೊರಗೆ ಹೋಗಿ ಬಂಡಿ ಹತ್ತಿದ.

ತಟ್ಟೆ ಹಿಡಿದವನು ನಾನು ಎಂದು ಅವನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಅವನ ಬಂಡಿಯ ಮುಂದೆ ಹೋಗಿ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಸಾಲಿನಲ್ಲಿ ಮೂವತ್ತು ಜನ ನಡುಗುತ್ತಿದ್ದಾರೆ, ಇವರನ್ನು ಬಿಟ್ಟು ಹೇಗೆ ಹೋಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ದವಾಖಾನೆ ಮುಚ್ಚಿ ಹೋದರೆ ಡಾಕ್ಟರಿಗೆ ದೂರು ಹೋಗುತ್ತದೆ, ಸಹಿ ತಪ್ಪುತ್ತದೆ ಎಂಬುದೂ ಮನಸ್ಸಿನಲ್ಲಿತ್ತು. ಆ ಲೆಕ್ಕಾಚಾರವನ್ನು ಇಷ್ಟು ವರ್ಷ ಬೇರೆ ಬೇರೆ ಹೆಸರಿನಿಂದ ಕರೆದುಕೊಂಡಿದ್ದೇನೆ. ಅದು ಹೇಡಿತನ. ಶಂಕ್ರಪ್ಪ ಒಳ್ಳೆಯವನು, ಕೆಟ್ಟದ್ದು ಮಾಡಲಾರ ಎಂದು ಸಮಾಧಾನ ಹೇಳಿಕೊಳ್ಳುತ್ತ ಮಧ್ಯಾಹ್ನದವರೆಗೆ ಪುಡಿ ಕಟ್ಟಿದೆ. ಎರಡು ಸಲ ತೂಕ ತಪ್ಪಿತು. ಕೊನೆಗೆ ಉಳಿದವರಿಗೆ ನಾಳೆ ಬನ್ನಿರೆಂದು ಹೇಳಿ ಮಾರುತಿಯ ಊರಿಗೆ ಹೊರಟೆ; ಅವನು ಒಯ್ದ ಕಾಗದ ಯಾರಿಗೆಂದು ಈಗ ಹೊಳೆದಿತ್ತು.

ಒಂದೂವರೆ ಹರದಾರಿ, ನಾಲ್ಕೈದು ಮೈಲಿ ದಾರಿ. ಕರಿ ಕೆಸರಿನಲ್ಲಿ ಚಪ್ಪಲಿ ಕಿತ್ತುಹೋಯಿತು, ಬರಿಗಾಲಲ್ಲಿ ಓಡಿದೆ. ಜೋಳ ಮೊಣಕಾಲೆತ್ತರ ಬಂದಿತ್ತು. ಹೊಲಗಳಲ್ಲಿ ಯಾರೂ ಇರಲಿಲ್ಲ, ಅದನ್ನು ನೋಡಿಯೇ ನನಗೆ ಗೊತ್ತಾಗಿಹೋಯಿತು. ಕೇರಿಯ ಮೊದಲ ಮನೆಯ ಕಟ್ಟೆಯ ಮೇಲೆ ಮಾರುತಿ ಕೂತಿದ್ದ. ಅವನಪ್ಪ ತಲೆಗೆ ಅರಿವೆ ಒತ್ತಿ ಹಿಡಿದುಕೊಂಡಿದ್ದ, ರಕ್ತ ಮೂಡಿತ್ತು. ಒಳಗೆ ಅವನವ್ವ ಅಳುತ್ತಿದ್ದಳು. ಗೋಡೆಯ ಗೂಡಿನಲ್ಲಿ ಸಣ್ಣ ಹಿತ್ತಾಳೆಯ ತಕ್ಕಡಿ, ಪಕ್ಕದಲ್ಲಿ ನಾನು ಕೊಟ್ಟ ಕಾಗದದ ಕಟ್ಟು.

ಮಾರುತಿ ನನ್ನನ್ನು ನೋಡಿದ.

"ಉಸ್ತಾದ್ರನ್ನ ಹಳ್ಳದ ಕಡಿ ಒಯ್ದಾರ," ಎಂದ. "ಈಗ ಹೋಗಿ ಏನು ಮಾಡ್ತಿ?"

ಆಮೇಲೆ ತುಂಡು ತುಂಡಾಗಿ ತಿಳಿಯಿತು. ಸೈನ್ಯ ಬಂದ ಮರುದಿನವೇ ಮಾರುತಿ ಉಸ್ತಾದರನ್ನು ಬೀದರದಿಂದ ಹೊರಡಿಸಿದ್ದ. ಗಡ್ಡ ಬೋಳಿಸಿ, ಧೋತರ ಉಡಿಸಿ, ದೂರದ ಕಾಕಾ ಎಂದು ಹೇಳಿ ಮನೆಯಲ್ಲಿಟ್ಟುಕೊಂಡಿದ್ದ. ಕೇರಿಯೊಳಗೆ ಊರವರು ಕಾಲಿಡುವುದಿಲ್ಲ. ಅವರಿಗೆ ಯಾವುದು ಮೈಲಿಗೆಯಾಗಿತ್ತೋ ಅದೇ ಉಸ್ತಾದರಿಗೆ ಗೋಡೆಯಾಗಿತ್ತು. ಕೇರಿಯವರಿಗೆಲ್ಲ ಗೊತ್ತಿತ್ತು, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಉಸ್ತಾದರು ಮಾತು ಬದಲಿಸಿದ್ದರು, ವೇಷ ಬದಲಿಸಿದ್ದರು, ಕೈಯನ್ನು ಮಾತ್ರ ಬದಲಿಸಲಾಗಲಿಲ್ಲ. ಜ್ವರದ ಜನರನ್ನು ನೋಡಿಕೊಂಡು ಸುಮ್ಮನೆ ಕೂರುವುದೂ ಅವರಿಂದ ಆಗಲಿಲ್ಲ. ಪೊಟ್ಟಣವನ್ನು ನಾನೇ ಕಟ್ಟುತ್ತೇನೆಂದು ಮಾರುತಿ ಹೇಳಿದರೆ, ನಿನ್ನದು ಸೋರುತ್ತದೆ ಎನ್ನುತ್ತಿದ್ದರಂತೆ.

ಮೂರನೆಯ ದಿನ ಹಳ್ಳದ ಮಗ್ಗಲಲ್ಲಿ ಉಸ್ತಾದರ ಹೆಣ ಸಿಕ್ಕಿತು. ಮಾರುತಿ, ಅವನಪ್ಪ ಸೇರಿ ಅಲ್ಲೇ ಕುಣಿ ತೋಡಿ ಮಣ್ಣು ಮಾಡಿದರು. ನನಗೆ ಹೇಳಿಕಳಿಸಿದ್ದರು. ನಾನು ಹೋಗಲಿಲ್ಲ. ದವಾಖಾನೆಯ ಕದ ತೆರೆದುಕೊಂಡು ಕೂತಿದ್ದೆ.

ಅದೇ ದಿನ ಶಂಕ್ರಪ್ಪ ಪಟ್ಟಿ ಕಟ್ಟಿಸಿಕೊಳ್ಳಲು ಬಂದ. ಬೆಂಚಿನ ಮೇಲೆ ಕೂತು ಕಾಲು ಚಾಚಿದ. ಈ ಸಲ ಏನೂ ತಂದಿರಲಿಲ್ಲ. ನಾನು ಹಳೆಯ ಪಟ್ಟಿ ಬಿಚ್ಚಿದೆ, ಹುಣ್ಣು ತೊಳೆದೆ, ಹೊಸದು ಕಟ್ಟಿದೆ.

"ನಮ್ಮವ್ವ ದಿನಾ ಕೇಳ್ಲತ್ತಾಳ್ರಿ, ಆ ಪುಡಿ ಕೊಟ್ಟಾಂವ ಯಾರು, ಒಂದಿನ ಕರದು ಉಣಿಸು ಅಂತ," ಎಂದ. ಕಾಲು ಕೆಳಗಿಳಿಸಿ, "ನನ್ನ ತಮ್ಮನ ಹೆಸರು ಹೇಳಿ ಯಾರೂ ಅಳಲಿಲ್ರಿ," ಎಂದ.

ನಾನು ಹಳೆಯ ಪಟ್ಟಿಯನ್ನು ಬುಟ್ಟಿಗೆ ಹಾಕಿದೆ. ನಾಳೆ ಬಾ ಎಂದು ಹೇಳಲಿಲ್ಲ. ಅವನು ಮತ್ತೆ ಬರಲೂ ಇಲ್ಲ.

ಎರಡು ತಿಂಗಳು ಮುಗಿದು ಡಾಕ್ಟರು ನನ್ನ ಕಾಗದಕ್ಕೆ ಸಹಿ ಹಾಕಿದರು. ಮಾರುತಿಯೂ ಬೀದರದಲ್ಲಿ ಜೊತೆಗೇ ಕಲಿತವನೆಂದು ನಾನೇ ಹೇಳಿ ಅವನ ಕಾಗದಕ್ಕೂ ಸಹಿ ಹಾಕಿಸಿದೆ. ಅಷ್ಟರಿಂದ ಏನೋ ತೀರುತ್ತದೆಂದು ತಿಳಿದಿದ್ದೆ. ಚಳಿಗಾಲದ ಕೊನೆಗೆ ಭಾಲ್ಕಿ ಸ್ಟೇಷನ್ನಿನಲ್ಲಿ ಇಬ್ಬರೂ ಒಂದೇ ಗಾಡಿ ಹತ್ತಿದೆವು. ಎದುರುಬದುರು ಕೂತೆವು. ಹೈದರಾಬಾದಿನವರೆಗೂ ಮಾತಿಲ್ಲ. ಅವನು ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಅರ್ಧ ನನ್ನ ಕಡೆ ಚಾಚಿದ. ನಾನು ಇಸಿದುಕೊಂಡು ತಿಂದೆ. ಅವನ ತಂಬಿಗೆಯಿಂದ ನೀರೂ ಕುಡಿದೆ. ಆ ನೀರು ಕುಡಿಯಲು ನನಗೆ ಅಷ್ಟೆಲ್ಲ ಆಗಬೇಕಿತ್ತು.

ಪರೀಕ್ಷೆಯ ಕೋಣೆಯಲ್ಲಿ ಇಪ್ಪತ್ತು ಶೀಷೆ ಸಾಲಾಗಿದ್ದವು. ಪರೀಕ್ಷಕರು ಗಂಟೆ ಬಾರಿಸುತ್ತಿದ್ದರು. ನಾನು ಒಂದಕ್ಕೂ ತಡವರಿಸಲಿಲ್ಲ. ಮಾರುತಿ ನನ್ನ ಹಿಂದಿದ್ದ. ಅವನು ಶೀಷೆ ಎತ್ತುವುದು, ಇಡುವುದು, ಮತ್ತೆ ಎತ್ತುವುದು ಕೇಳಿಸುತ್ತಿತ್ತು. ಅವನು ಆ ಸಲ ಫೇಲಾದ. ಮುಂದಿನ ವರ್ಷ ಪಾಸಾಗಿ ಔರಾದ ತಾಲೂಕಿನಲ್ಲೇ ನಿವೃತ್ತಿಯವರೆಗೆ ಕೆಲಸ ಮಾಡಿದ. ಅವನು ಕೊಟ್ಟ ಔಷಧಿಯಿಂದ ಒಬ್ಬರಿಗೂ ಹೆಚ್ಚುಕಡಿಮೆಯಾಗಲಿಲ್ಲವೆಂದು ಆ ಕಡೆಯ ಜನ ಈಗಲೂ ಹೇಳುತ್ತಾರೆ.

ಪರೀಕ್ಷೆ ಮುಗಿಸಿ ನಾಂಪಲ್ಲಿ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

"ಮಾರುತಿ, ನನಗ ಬೈದುಬಿಡು. ಹೊಡಿಬೇಕಂದ್ರ ಹೊಡಿ. ಹಿಂಗ ಸುಮ್ಮ ಇರಬ್ಯಾಡ."

ಅವನು ಯೋಚನೆ ಮಾಡಿದ. ಅವನಿಗೆ ಯಾವುದಕ್ಕಾದರೂ ಹೊತ್ತು ಬೇಕಲ್ಲ.

"ಬೈಲಿಕ್ಕ ಬರ್ತಿತ್ತಂದ್ರ ಅವತ್ತೇ ಬೈತಿದ್ದೆ," ಎಂದ. "ಒಂದು ಮಾತು ಹೇಳಬೇಕೋ ಬ್ಯಾಡೋ ಅಂತ ಇಷ್ಟು ದಿನ ನೋಡ್ಲತ್ತಿದ್ದೆ. ಊರವ್ರು ಕೈ ಕಟ್ಟಿ ಹೊಂಡಿಸಿದಾಗ ಉಸ್ತಾದ್ರು ಕೇಳಿದ್ರು, ಯಾರು ಗುರ್ತು ಹಿಡಿದ್ರು ಅಂತ. ಶಂಕ್ರಪ್ಪ ಅಂದ, ನಿನ್ನ ದವಾಖಾನಿ ಹುಡುಗನೇ, ಪುಡಿ ನೋಡಿ ಹೇಳಿದ ಅಂತ. ಬಿಚ್ಚಿ ನೋಡಿ ಹೇಳಿದನೋ, ಬಿಚ್ಚದೇ ಹೇಳಿದನೋ ಅಂತ ಕೇಳಿದ್ರು."

"ಶಂಕ್ರಪ್ಪ ಏನಂದ?"

"ಬಿಚ್ಚಿಲ್ಲ, ಕೈಯಾಗೂ ಹಿಡಿದಿಲ್ಲ, ಟೇಬಲ್ ಮ್ಯಾಲ ಇಟ್ಟಕೂಡ್ಲೆ ಹೇಳಿದ ಅಂದ."

ಗಾಡಿ ಬಂತು. ಮಾರುತಿ ಗಂಟು ಎತ್ತಿಕೊಂಡು ಎದ್ದು ನಿಂತ.

"ಉಸ್ತಾದ್ರು ನನ್ನ ಕಡಿ ತಿರುಗಿ ಅಂದ್ರು, ಗುರುನಾಥ ಪಾಸಾಗ್ತಾನ ಬಿಡು."

ಬೇಸಿಗೆಯಲ್ಲಿ ಫಲಿತಾಂಶ ಬಂತು. ಗುರುತು ಹಿಡಿಯುವುದರಲ್ಲಿ ನನಗೆ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟಿದ್ದರು.